ಬೆಟಗೇರಿ ಕಾಕಾನ ಹಾರ್ಡ್ ಡಿಸ್ಕ್: ಎಲ್ಲಿವರೆಗೆ ಬಂತು

ಶನಿವಾರ ಸಂಜೆ

500 ಜಿಬಿ ಡಿಸ್ಕು. ಕಾಕಾನ ಡಿಟಿಪಿ ಅಂಗಡಿಯ ಹಳೇ ವಿಂಡೋಸ್ ಎಕ್ಸ್‌ಪಿ ಮಷೀನಿನದು. ಒಂದು ಫೈಲ್ ಒತ್ತಿ ಚಹಾ ಕುಡಿದು ಬಂದರೂ ತೆರೆದಿರುವುದಿಲ್ಲ, ಕೊನೆಗೆ ನೀಲಿ ಪರದೆ. ಒಳಗಿರುವುದು ವರ್ಷಗಟ್ಟಲೆ ಟೈಪ್ ಮಾಡಿದ ಲಗ್ನಪತ್ರಿಕೆಗಳ ಮ್ಯಾಟರ್. ಇದೇನು ಮಹಾ ಅಂತ ಅನ್ನಿಸಬಹುದು. ಆದರೆ ಗದಗ-ಬೆಟಗೇರಿಯ ಪ್ರೆಸ್ಸುಗಳಿಗೆ ಹಳೇ ಮ್ಯಾಟರೇ ಬಂಡವಾಳ. ಅಣ್ಣನ ಪತ್ರಿಕೆ ಮಾಡಿಸಿದವರು ಕೆಲವು ವರ್ಷ ಬಿಟ್ಟು ತಮ್ಮನ ಲಗ್ನಕ್ಕೆ ಬರುತ್ತಾರೆ. "ಹಳೇದ ತೆಗೀರಿ, ಹೆಸರಷ್ಟ ಬದಲ್ ಮಾಡ್ರಿ" ಅನ್ನುತ್ತಾರೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಒಬ್ಬ ಸೋದರಮಾವನ ಹೆಸರು ಬಿಟ್ಟುಹೋದರೂ ಜಗಳ ಅಂಗಡಿಗೇ ಬರುತ್ತದೆ.

ಅಂಗಡಿಗೆ ಬರುವ ಮೆಕ್ಯಾನಿಕ್ ಹುಡುಗ ಆಗಲೇ ಪೆನ್‌ಡ್ರೈವಿನಲ್ಲಿ ಬ್ಯಾಡ್ ಸೆಕ್ಟರ್ (ಡಿಸ್ಕಿನಲ್ಲಿ ಹಾಳಾದ 512 ಬೈಟಿನ ಚಿಕ್ಕ ಖಾನೆ) ರಿಪೇರಿ ಸಾಫ್ಟ್‌ವೇರ್ ತಂದಿಟ್ಟಿದ್ದ. "ಒಂದ್ ಸಲ ಹಚ್ಚಿ ನೋಡೋಣಲ್ಲ ತಮ್ಮಾ?" ಅಂದರು ಕಾಕಾ. ಸ್ವಲ್ಪ ತಡೀರಿ ಕಾಕಾ ಅಂದೆ. ಡಿಸ್ಕ್ ರಿಪೇರಿ ಬೇರೆ, ಡೇಟಾ ತೆಗೆಯುವುದು ಬೇರೆ. ಇಂಥ ಸಾಫ್ಟ್‌ವೇರ್ ಓದಲಾಗದ ಸೆಕ್ಟರಿನ ಮೇಲೆ ಹೊಸದಾಗಿ ಬರೆಯುತ್ತದೆ. ಆ ಜಾಗ ಪೂರ್ತಿ ಕೆಟ್ಟಿದ್ದರೆ ಡಿಸ್ಕು ಅದನ್ನು ಬಿಟ್ಟು, ಮೀಸಲಿಟ್ಟ ಬೇರೆ ಜಾಗ ಕೊಡುತ್ತದೆ. ಡಿಸ್ಕ್ ಸುಧಾರಿಸಿದ ಹಾಗೆ ಕಾಣುತ್ತದೆ, ಅಲ್ಲಿದ್ದ ಅಕ್ಷರ ಮಾತ್ರ ಹೋಗುತ್ತದೆ. ವಿಂಡೋಸಿನ ಚೆಕ್‌ಡಿಸ್ಕ್ ಕೂಡ ಸಾಯುತ್ತಿರುವ ಡಿಸ್ಕಿಗೆ ಬೇಡ. ರಿಪೇರಿಗೆ ಹಚ್ಚಿದರೆ ಪೂರ್ತಿ ಡಿಸ್ಕನ್ನು ಜಾಲಾಡಿ, ಫೈಲ್ ಪಟ್ಟಿಯನ್ನೇ ತಿದ್ದಿಬಿಡಬಹುದು.

ಮನೆಗೆ ತಂದು ಲಿನಕ್ಸಿನಲ್ಲಿ ಸ್ಮಾರ್ಟ್ ವರದಿ, ಅಂದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ನೋಡಿದೆ. 197ನೇ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು, ಸಾವಿರದ ಮೇಲಿದೆ. 5ನೇ ಸಾಲು, ಆಗಲೇ ಬದಲಿ ಜಾಗ ಪಡೆದವು, ಅದೂ ಏರಿದೆ. 199, ಕೇಬಲ್ಲಿನಲ್ಲಿ ಆದ ತಪ್ಪುಗಳ ಲೆಕ್ಕ, ಸೊನ್ನೆ, ಹಾಗಾಗಿ ಕೇಬಲ್ ಮೇಲೆ ಅನುಮಾನವಿಲ್ಲ. ಟಕ್ ಟಕ್ ಸದ್ದಿಲ್ಲ, ಅದೇ ಸಮಾಧಾನ. ಆ ಸದ್ದು ಬಂದಿದ್ದರೆ ಹೆಡ್, ಅಂದರೆ ಡಿಸ್ಕನ್ನು ಓದುವ ಮುಳ್ಳು, ಹೋಗಿರುವ ಸಾಧ್ಯತೆ ಹೆಚ್ಚು. ಆಗ ಕರೆಂಟ್ ತೆಗೆದು ಲ್ಯಾಬಿಗೆ ಕಳಿಸಬೇಕೇ ಹೊರತು ಮನೆಯಲ್ಲಿ ಕೈ ಹಾಕಬಾರದು. ಫ್ರಿಜ್ಜಿನಲ್ಲಿ ಇಟ್ಟು ನೋಡು ಅಂದವರೂ ಇದ್ದಾರೆ. ಒಳಗೆ ತೇವ ಕಟ್ಟಿಕೊಂಡರೆ ಇದ್ದದ್ದೂ ಹೋಗುತ್ತದೆ.

ಭಾನುವಾರ

ಹುಬ್ಬಳ್ಳಿಯಿಂದ 1 ಟಿಬಿ ಹೊಸ ಡಿಸ್ಕ್ ತಂದೆ. ಹಳೇದನ್ನು ಯುಎಸ್‌ಬಿ ಡಬ್ಬಿಗೆ ಹಾಕದೆ ನೇರ ಸಾಟಾ ಕೇಬಲ್ಲಿಗೇ ಕೊಟ್ಟೆ. ಓದುವಾಗ ಡಿಸ್ಕು ತಡವರಿಸಿದರೆ ಅಗ್ಗದ ಯುಎಸ್‌ಬಿ ಡಬ್ಬಿಗಳು ಸಂಪರ್ಕವನ್ನೇ ಕಡಿದುಕೊಳ್ಳುತ್ತವೆ. ಬಿಸಿಲು ಜೋರು, ಹಾಗಾಗಿ ಎದುರಿಗೆ ಟೇಬಲ್ ಫ್ಯಾನ್.

ಕಾಪಿ ಮಾಡಲು ಗ್ನು ಡಿಡಿರೆಸ್ಕ್ಯೂ, ಹಾಳಾದ ಡಿಸ್ಕನ್ನು ನಕಲು ಮಾಡುವ ಸಾಫ್ಟ್‌ವೇರ್. ಇದರ ಜಾಣತನ ಎಲ್ಲ ಕೆಲಸದ ಸರದಿಯಲ್ಲಿದೆ. ಮೊದಲು ಸಲೀಸಾಗಿ ಓದುವ ಭಾಗವನ್ನೆಲ್ಲ ಬಾಚಿಕೊಳ್ಳುತ್ತದೆ. ಎಡವಿದ ಕಡೆ ಹಠ ಮಾಡದೆ ಮುಂದಕ್ಕೆ ಹಾರುತ್ತದೆ. ಆಮೇಲೆ ಬಿಟ್ಟ ತುಂಡುಗಳ ಅಂಚುಗಳಿಗೆ ಬರುತ್ತದೆ, ಕೊನೆಗೆ ಒಂದೊಂದೇ ಸೆಕ್ಟರ್ ಕೆರೆಯುತ್ತದೆ. ಮೊದಲ ಸುತ್ತಿಗೆ ಕಮಾಂಡಿನಲ್ಲಿ ಮೈನಸ್ ಎನ್ ಅನ್ನುವ ಆಯ್ಕೆ ಕೊಟ್ಟೆ, ಕೆರೆಯುವುದು ಸದ್ಯಕ್ಕೆ ಬೇಡ ಅಂತ. ಡಿಸ್ಕಿನ ಉಳಿದ ಆಯುಷ್ಯ ಒಳ್ಳೆಯ ಭಾಗಕ್ಕೇ ಮೊದಲು ಸಿಗಲಿ.

ಮಧ್ಯಾಹ್ನ ಕರೆಂಟ್ ಹೋಯಿತು. ನನ್ನ ಯುಪಿಎಸ್ ಬ್ಯಾಟರಿ ಹೆಸರಿಗಷ್ಟೇ ಇದೆ. ಆದರೂ ತಲೆಬಿಸಿ ಆಗಲಿಲ್ಲ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಅನ್ನುವುದನ್ನು ಡಿಡಿರೆಸ್ಕ್ಯೂ ಮ್ಯಾಪ್‌ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟ್ ಬಂದ ಮೇಲೆ ಅದೇ ಕಮಾಂಡ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಆ ಫೈಲ್ ಬರೀ ಟೆಕ್ಸ್ಟ್. ತೆರೆದು ನೋಡಿದರೆ ಡಿಸ್ಕಿನ ಗಾಯವೆಲ್ಲ ಸಾಲುಸಾಲಾಗಿ ಕಾಣುತ್ತದೆ: ಪ್ಲಸ್ ಅಂದರೆ ಬಂತು, ಮೈನಸ್ ಅಂದರೆ ಬರಲಿಲ್ಲ.

ಬುಧವಾರ ರಾತ್ರಿ

ಕೆರೆಯುವುದೂ ಮುಗಿಯಿತು. ಬರದೇ ಉಳಿದದ್ದು ಸುಮಾರು ಅರ್ಧ ಎಂಬಿ. ಅಷ್ಟೇನಾ ಅಂತ ಖುಷಿಯಾದೆ. ಹಳೇ ಡಿಸ್ಕ್ ಬಿಚ್ಚಿಟ್ಟೆ. ಇನ್ನು ಮುಂದಿನದೆಲ್ಲ ಇಮೇಜಿನ, ಅಂದರೆ ಹೊಸ ಡಿಸ್ಕಿನಲ್ಲಿರುವ ಪೂರ್ತಿ ನಕಲಿನ, ಮೇಲೆ, ಅದೂ ಓದಲಷ್ಟೇ ಆಗುವ ಹಾಗೆ.

ಡಿ ಡ್ರೈವ್ ಸಲೀಸಾಗಿ ತೆರೆಯಿತು. ಕೋರೆಲ್‌ಡ್ರಾ ಡಿಸೈನುಗಳೆಲ್ಲ ಹೆಸರು ಸಮೇತ ಬಂದವು. ಸಿ ಡ್ರೈವಿನಲ್ಲಿ ಕಾಕಾನ ಡೆಸ್ಕ್‌ಟಾಪ್ ನೋಡಿದರೆ ಅರ್ಧಕ್ಕರ್ಧ ಖಾಲಿ. ಅಂಗಡಿಯವರೆಲ್ಲ ಮ್ಯಾಟರ್ ಉಳಿಸುವುದೇ ಡೆಸ್ಕ್‌ಟಾಪ್ ಮೇಲೆ ಅಲ್ವಾ! ಹಾಳಾದ ಜಾಗ ಹೆಚ್ಚಾಗಿ ಬಂದು ಬಿದ್ದಿರುವುದು ಎನ್‌ಟಿಎಫ್‌ಎಸ್‌ನ (ವಿಂಡೋಸ್ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ) ಎಂಎಫ್‌ಟಿ ಮೇಲೆ. ಯಾವ ಹೆಸರಿನ ಫೈಲ್ ಎಲ್ಲಿದೆ ಅನ್ನುವ ಪಟ್ಟಿಯೇ ಅದು. ಒಂದು ಫೈಲಿಗೆ ಸಾಮಾನ್ಯವಾಗಿ 1024 ಬೈಟಿನ ಒಂದು ದಾಖಲೆ. ಪಟ್ಟಿಯಲ್ಲಿ ಅರ್ಧ ಎಂಬಿ ಹೋದರೆ ಸುಮಾರು ಐನೂರು ಫೈಲುಗಳ ವಿಳಾಸ ಹೋದ ಲೆಕ್ಕ. ಎಂಎಫ್‌ಟಿಗೆ ಒಂದು ನಕಲು ಇರುತ್ತದೆ ನಿಜ, ಆದರೆ ಅದರಲ್ಲಿರುವುದು ಮೊದಲ ನಾಲ್ಕು ದಾಖಲೆ ಮಾತ್ರ.

ಆದರೆ ವಿಳಾಸ ಹೋದರೂ ಮನೆ ಇದೆ. ಫೋಟೋರೆಕ್ ಅನ್ನುವ ಫೈಲ್ ಹುಡುಕುವ ಸಾಫ್ಟ್‌ವೇರ್ ಪಟ್ಟಿಯನ್ನು ಕೇಳುವುದೇ ಇಲ್ಲ. ಫೈಲಿನ ಆರಂಭದ ಗುರುತು ನೋಡಿಯೇ ಎತ್ತುತ್ತದೆ. ವರ್ಡ್ ಫೈಲುಗಳಿಗೆ ಮಾತ್ರ ಗುರುತು ಹಾಕಿ ಬಿಟ್ಟೆ. ಬೆಳಗಾಗುವಷ್ಟರಲ್ಲಿ ಫೋಲ್ಡರ್ ತುಂಬಾ ಎಫ್ ಅಕ್ಷರ ಆದ ಮೇಲೆ ಬರೀ ಅಂಕಿ ಇರುವ ಫೈಲುಗಳು. ಆ ಅಂಕಿ ಸುಮ್ನೆ ಅಲ್ಲ, ಪಾರ್ಟಿಶನ್ (ಡಿಸ್ಕಿನಲ್ಲಿ ಸಿ, ಡಿ ಅಂತ ಮಾಡಿದ ಪಾಲು) ಶುರುವಾದಲ್ಲಿಂದ ಎಷ್ಟನೇ ಸೆಕ್ಟರ್ ಅನ್ನುವುದು. ಎಕ್ಸ್‌ಪಿಯಲ್ಲಿ ಮೊದಲ ಪಾರ್ಟಿಶನ್ 63ನೇ ಸೆಕ್ಟರಿಗೆ ಶುರು. ಹಾಗಾಗಿ 63 ಕೂಡಿಸಿ, 512ರಿಂದ ಗುಣಿಸಿ, ಮ್ಯಾಪ್‌ಫೈಲಿನ ಮೈನಸ್ ಸಾಲುಗಳ ಜೊತೆ ಹೋಲಿಸಿದರೆ ಯಾವ ಫೈಲಿಗೆ ಪೆಟ್ಟಾಗಿದೆ ಅಂತ ತೆರೆಯದೆಯೇ ಅಂದಾಜು ಸಿಗುತ್ತದೆ.

ಶುಕ್ರವಾರ

ನಿಜವಾದ ಕಷ್ಟ ಇಲ್ಲಿದೆ. ಹೆಸರಿಲ್ಲದ ಫೈಲುಗಳಲ್ಲಿ ಯಾರ ಪತ್ರಿಕೆ ಯಾವುದು? ಹುಡುಕೋಣ ಅಂದರೆ ಎಲ್ಲ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲ. ಫಾಂಟ್ ತೆಗೆದರೆ ಉಳಿಯುವುದು é, ñ ಥರದ ಯುರೋಪಿನ ಒತ್ತುಗೆರೆಯ ಅಕ್ಷರಗಳ ರಾಶಿ. ಹುಡುಕುವ ಪದವನ್ನು ನುಡಿಯ ಹಳೇ ಸಂಕೇತಕ್ಕೆ ಬದಲಿಸಿ ಟರ್ಮಿನಲ್ಲಿನಲ್ಲಿ ಕೊಟ್ಟರೂ ಸಿಗುವುದಿಲ್ಲ. ಯಾಕೆಂದರೆ ಟರ್ಮಿನಲ್ಲು ಆ ಒತ್ತುಗೆರೆಯ ಅಕ್ಷರವನ್ನು ಎರಡು ಬೈಟ್ ಮಾಡುತ್ತದೆ, ಹಳೇ ವರ್ಡ್ ಫೈಲಿನಲ್ಲಿ ಹೆಚ್ಚಾಗಿ ಅದು ಒಂದೇ ಬೈಟ್. ಕೊನೆಗೆ ವರ್ಡ್ ಫೈಲಿನ ಅಕ್ಷರ ಬೇರ್ಪಡಿಸುವ ಕ್ಯಾಟ್‌ಡಾಕ್‌ನಿಂದ ಪಠ್ಯ ತೆಗೆದು, ಚಿಕ್ಕ ಪೈಥಾನ್ ಸ್ಕ್ರಿಪ್ಟಿನಿಂದ ಯೂನಿಕೋಡ್ ಮಾಡಿ, ಮೊದಲ ಸಾಲನ್ನೇ ಫೈಲಿನ ಹೆಸರಾಗಿ ಇಡುವುದು ಅಂದುಕೊಂಡೆ.

ಫಲಿತಾಂಶ ನೋಡಿ ಕಾಕಾ ಬಿದ್ದು ಬಿದ್ದು ನಕ್ಕರು. ಕಣ್ಣು ಹಾಯಿಸಿದಷ್ಟೂ "ಶ್ರೀ ವೀರಭದ್ರೇಶ್ವರ ಪ್ರಸನ್ನ". ಅಲ್ಲೊಂದು ಇಲ್ಲೊಂದು ಯಲ್ಲಮ್ಮ. ಪತ್ರಿಕೆ ಶುರುವಾಗುವುದೇ ಮನೆದೇವರಿಂದ, ಇದು ಸ್ಕ್ರಿಪ್ಟಿಗೇನು ಗೊತ್ತು! "ಚಿ. ಅಂತ ಇರೋ ಸಾಲ ತಗೋ, ಅಲ್ಲಿ ವರನ ಹೆಸರು ಬರ್ತದ" ಅಂದರು. ಮೂವತ್ತು ವರ್ಷ ಮ್ಯಾಟರ್ ಕೂಡಿಸಿದವರ ಮಾತು, ಒಂದೇ ಸಾಲಿನ ತಿದ್ದುಪಡಿ. ಈಗ ಫೈಲುಗಳು ವರನ ಹೆಸರಿನಲ್ಲಿವೆ, ಪಕ್ಕದಲ್ಲಿ ಚಿ.ಸೌ. ಸಾಲಿನಿಂದ ವಧುವಿನದು.

ಮತ್ತೆ ಭಾನುವಾರ

ಎಲ್ಲ ಬೇರೆ ಡಿಸ್ಕಿಗೂ ಹೋದ ಮೇಲೆ ಮೆಕ್ಯಾನಿಕ್ ಹುಡುಗನನ್ನು ಕರೆದು, ಈಗ ಹಚ್ಚಪ್ಪ ನಿನ್ನ ರಿಪೇರಿ ಅಂದೆ. ಹಳೇ ಡಿಸ್ಕಿನ ಮೇಲೆ ಹಚ್ಚಿದ. ಹಸಿರು ಬಣ್ಣದಲ್ಲಿ ಸರಿಯಾಯಿತು ಅಂತ ಬಂತು. 197ನೇ ಸಾಲು ಸೊನ್ನೆಗೆ ಇಳಿದಿತ್ತು, 5ನೇ ಸಾಲು ಇನ್ನೂ ಏರಿತ್ತು. ಮ್ಯಾಪ್‌ಫೈಲಿನಲ್ಲಿ ಮೈನಸ್ ಇದ್ದ ಒಂದು ಸೆಕ್ಟರನ್ನು ಅವನ ಎದುರಿಗೇ ಓದಿಸಿದೆ. ಓದಿತು, ತಕರಾರಿಲ್ಲದೆ. 512 ಬೈಟೂ ಸೊನ್ನೆ. "ಅಂದ್ರ ಮ್ಯಾಟರ್ ಹೋತಲ್ರೀ ಅಣ್ಣಾ" ಅಂದ ಅವನು.

ಕಾಕಾ ಲಗ್ನದ ಸೀಸನ್ನಿನ ಕೆಲಸ ಶುರು ಮಾಡಿಕೊಂಡಿದ್ದಾರೆ. ಕೆಲವು ಪತ್ರಿಕೆಗಳ ಬಂಧುಗಳ ಪಟ್ಟಿ ಅರ್ಧಕ್ಕೇ ತುಂಡಾಗಿದೆ. ಅವಕ್ಕೆ ಕಪಾಟಿನಲ್ಲಿರುವ ಅಚ್ಚಾದ ಪ್ರತಿ ನೋಡಿ ಮತ್ತೆ ಟೈಪ್ ಮಾಡಬೇಕು, ಈ ಸಲ ಯೂನಿಕೋಡಿನಲ್ಲಿ. ಚಿ. ಸಾಲು ಸಿಗದ ಗೃಹಪ್ರವೇಶ, ಜಾವಳದ ಪತ್ರಿಕೆಗಳು ಇನ್ನೂ ಅಂಕಿಯ ಹೆಸರಿನಲ್ಲೇ ಬಿದ್ದಿವೆ. ಅವುಗಳಲ್ಲಿ ಯಾವ ಸಾಲನ್ನು ಹಿಡಿಯಬೇಕು ಅಂತ ಕಾಕಾನ ಹತ್ತಿರ ಕೂತು ಕೇಳಬೇಕು.