ರಥಸಪ್ತಮಿಯ ಎಕ್ಕದೆಲೆ

ಎಕ್ಕದ ಗಿಡವನ್ನು ಯಾರೂ ಆಸೆಪಟ್ಟು ನೆಡುವುದು ಕಡಿಮೆ. ಖಾಲಿ ಸೈಟು, ರೈಲ್ವೆ ಹಳಿಯ ಪಕ್ಕ, ಹಾಳುಗೋಡೆಯ ಬುಡ, ಎಲ್ಲೆಂದರಲ್ಲಿ ತಾನೇ ಹುಟ್ಟಿಕೊಳ್ಳುತ್ತದೆ. ಆದರೆ ಮಾಘ ಶುದ್ಧ ಷಷ್ಠಿಯ ಸಂಜೆ ಅದಕ್ಕೆ ಇದ್ದಕ್ಕಿದ್ದಂತೆ ಬೇಡಿಕೆ. ಬೆಳಗಾದರೆ ರಥಸಪ್ತಮಿ, ಸೂರ್ಯನ ಹುಟ್ಟುಹಬ್ಬ. ಪೇಟೆಯಲ್ಲಿ ಏಳೇಳು ಎಲೆಯ ಕಟ್ಟು ಮಾರಾಟಕ್ಕೆ ಬರುತ್ತದೆ. ಕಳೆಗಿಡಕ್ಕೂ ದುಡ್ಡು ಕೊಡಬೇಕು, ಕಾಲ ಹಾಗಿದೆ.

ಎಲೆ ಕೀಳುವಾಗ ಸ್ವಲ್ಪ ಹುಷಾರು. ತೊಟ್ಟಿನಿಂದ ಬಿಳಿ ಹಾಲು ಒಸರುತ್ತದೆ, ಬೆರಳಿಗೆ ಅಂಟುತ್ತದೆ, ಕಣ್ಣಿಗೆ ತಾಗಲೇಬಾರದು. ಎಲೆ ದಪ್ಪ, ಹಿಂಬದಿಯಲ್ಲಿ ಹಿಟ್ಟು ಸವರಿದಂಥ ಬಿಳುಪು. ಬೆಳಗಿನ ಜಾವ ತಲೆಯ ಮೇಲೆ ಒಂದು, ಭುಜಗಳ ಮೇಲೆ ಎರಡು, ಮಂಡಿಗೆ ಎರಡು, ಪಾದಕ್ಕೆ ಎರಡು. ಕೆಲವು ಮನೆಗಳಲ್ಲಿ ಜೊತೆಗೆ ಅಕ್ಷತೆ, ಎಲಚಿ ಹಣ್ಣನ್ನೂ ಇಡುತ್ತಾರೆ. ಒಂದು ಚೊಂಬು ನೀರು ಸುರಿದರೆ ಸಾಕು, ಭುಜದ ಎಲೆ ಜಾರಿ ಬಚ್ಚಲು ಸೇರುತ್ತದೆ. ಮಕ್ಕಳಿಗಂತೂ ನಗುವೋ ನಗು. ಏಳು ಜನ್ಮದ ಪಾಪ ಹೋಗಲಿ ಅಂತ ದೊಡ್ಡವರು ಶ್ಲೋಕ ಹೇಳುತ್ತಲೇ ಇರುತ್ತಾರೆ.

ಈ ಎಲೆ ಯಾಕೆ, ಅದೂ ಇದೇ ಜಾಗಗಳಲ್ಲಿ ಯಾಕೆ? ಹಿರಿಯರ ಬಾಯಲ್ಲಿ ಒಂದು ಕಥೆ ಇದೆ. ಶರಶಯ್ಯೆಯಲ್ಲಿ ಮಲಗಿದ ಭೀಷ್ಮನಿಗೆ ಪ್ರಾಣ ಬಿಡಲು ಆಗಲಿಲ್ಲವಂತೆ. ಇಚ್ಛಾಮರಣಿಗೆ ಹೀಗೇಕೆ ಅಂದರೆ, ತುಂಬಿದ ಸಭೆಯಲ್ಲಿ ದ್ರೌಪದಿಯ ಸೀರೆ ಎಳೆಯುವಾಗ ಅವನು ಸುಮ್ಮನೆ ಕೂತಿದ್ದ. ಆ ಪಾಪ ಮೈಯಲ್ಲೇ ಉಳಿದಿತ್ತು. ಅದು ಸೂರ್ಯನ ತೇಜಸ್ಸಿನಿಂದಲೇ ಸುಡಬೇಕೆಂದು ವ್ಯಾಸರು ಅವನ ಮೈಮೇಲೆ, ಸೂರ್ಯನ ‘ಅರ್ಕ’ ಎಂಬ ಹೆಸರನ್ನೇ ಹೊತ್ತ ಎಕ್ಕದ ಎಲೆ ಹೊದಿಸಿದರಂತೆ.

ಈ ಕಥೆ ಕೇಳಿದ ಮೇಲೆ ನನಗೆ ಎಲೆ ಇಡುವ ಜಾಗಗಳೇ ಬೇರೆಯಾಗಿ ಕಾಣುತ್ತವೆ. ಎತ್ತಬೇಕಾದಾಗ ಎತ್ತದ ತೋಳು, ಏಳಬೇಕಾದಾಗ ಏಳದ ಮಂಡಿ, ಮುಂದಿಡಬೇಕಾದಾಗ ಇಡದ ಪಾದ. ಪಾಪ ಅಂದ ಕೂಡಲೇ ನಾವು ಮಾಡಿದ್ದನ್ನು ಲೆಕ್ಕ ಹಾಕುತ್ತೇವೆ. ಮಾಡದೇ ಬಿಟ್ಟದ್ದರ ಪಟ್ಟಿ ಅದಕ್ಕಿಂತ ಜಾಸ್ತಿ, ಅಲ್ವಾ?

ಇನ್ನು ಸೂರ್ಯನ ರಥದ ಕಡೆ ನೋಡಿ. ಏಳು ಕುದುರೆ, ಆದರೆ ಗಾಲಿ ಒಂದೇ. ಸಾರಥಿ ಅರುಣನಿಗೆ ತೊಡೆಗಳೇ ಇಲ್ಲ. ತಾಯಿ ವಿನತೆ ಆತುರಪಟ್ಟು ಮೊಟ್ಟೆ ಒಡೆದಳು, ಅರ್ಧ ಬೆಳೆದ ಮಗು ಹೊರಗೆ ಬಂತು. ಆ ಮಗನೇ ದಿನ ತಪ್ಪದೆ ಲೋಕಕ್ಕೆ ಬೆಳಕು ಹೊತ್ತು ತರುವವನು. ಎಲ್ಲ ಅಂಗ ಗಟ್ಟಿಯಿದ್ದ ಪಿತಾಮಹ ಆ ದಿನ ಏಳಲಿಲ್ಲ. ಕಾಲಿಲ್ಲದವನು ಒಂದು ದಿನವೂ ತಡ ಮಾಡಲಿಲ್ಲ. ಅಂಗಳದಲ್ಲಿ ರಥದ ರಂಗೋಲಿ ನೋಡಿದಾಗೆಲ್ಲ ನನ್ನ ಕೈ ಮೊದಲು ಅರುಣನಿಗೇ ಮುಗಿಯುತ್ತದೆ.

ದೇವಸ್ಥಾನಗಳಲ್ಲಿ ಈ ದಿನದ ವೈಭವವೇ ಬೇರೆ. ತಿರುಮಲದಲ್ಲಿ ಬೆಳಗಿನ ಸೂರ್ಯಪ್ರಭೆಯಿಂದ ರಾತ್ರಿಯ ಚಂದ್ರಪ್ರಭೆವರೆಗೆ ಒಂದೇ ದಿನ ಏಳು ವಾಹನ. ಮಂಗಳೂರಿನ ರಥಬೀದಿಯಲ್ಲಿ ಕೊಡಿಯಾಲ್ ತೇರು. ಮೇಲುಕೋಟೆ, ಶ್ರೀರಂಗಪಟ್ಟಣಗಳಲ್ಲೂ ಜನಸಾಗರ. ಮನೆಯಲ್ಲಾದರೋ ಇಷ್ಟೇ: ಪೂರ್ವಕ್ಕೆ ಮುಖ ಮಾಡಿ ಅರ್ಘ್ಯ, ಕೆಂಪು ಹೂವು, ಗೋಧಿ ಪಾಯಸ. ಅಂಗಳ ಇದ್ದವರು ಬೆರಣಿ ಹೊತ್ತಿಸಿ ಹಾಲು ಉಕ್ಕಿಸುತ್ತಾರೆ. ಫ್ಲ್ಯಾಟಿನವರು ಬಾಲ್ಕನಿಯಲ್ಲಿ ನಿಂತು ನೀರು ಬಿಟ್ಟರೂ ನಡೆಯುತ್ತದೆ, ಕೆಳಗಿನ ಮನೆಯವರು ಬಟ್ಟೆ ಒಣಹಾಕಿಲ್ಲ ತಾನೇ ಅಂತ ಒಮ್ಮೆ ಬಗ್ಗಿ ನೋಡಿಕೊಳ್ಳಬೇಕು, ಅಷ್ಟೇ.

ಮರುದಿನವೇ ಭೀಷ್ಮಾಷ್ಟಮಿ. ಅವನಿಗೆ ಹೆಂಡತಿ ಮಕ್ಕಳಿಲ್ಲ, ನೀರು ಬಿಡುವ ಸಂತಾನ ಇಲ್ಲ. ಹಾಗಾಗಿ ಅವನ ವಂಶದವರಲ್ಲದ ನಾವೇ ಅಂದು ಅವನ ಹೆಸರಿನಲ್ಲಿ ತರ್ಪಣ ಕೊಡುತ್ತೇವೆ.