ಐದನೇ ಸಲಕ್ಕೆ ಬೆಂದ ಹಿತಕಿದ ಬೇಳೆ

ಬೆಂತು! ನಿನ್ನೆ ರಾತ್ರಿ ಎಂಟೂಕಾಲಿಗೆ ಸೌಟಿನಿಂದ ಒಂದು ಬೇಳೆ ತೆಗೆದು ಎರಡು ಬೆರಳ ನಡುವೆ ಒತ್ತಿದೆ, ಬೆಣ್ಣೆ ಥರ ನುಣ್ಣಗಾಯಿತು. ಮೂರು ವಾರ, ನಾಲ್ಕು ಸೋಲು, ಐದೂ ಸಲ ಸೇರಿ ಒಂಬತ್ತು ಕೆಜಿ ಅವರೆಕಾಯಿ. ಇವತ್ತೂ ಬೆರಳಿನಲ್ಲಿ ಸೊಗಡಿದೆ.

ಸಂಕ್ರಾಂತಿಯಿಂದ ಯುಗಾದಿವರೆಗಿನ ಊಟಗಳನ್ನು ವಾರಕ್ಕೊಂದರಂತೆ ಪಕ್ಕಾ ಮಾಡಿಕೊಳ್ಳಬೇಕು ಅಂತ ಈ ವರ್ಷ ಹೊರಟಿದ್ದೆ. ಬೆಂಗಳೂರಲ್ಲಿ ಈ ಎರಡು ತಿಂಗಳು ಹೊಟ್ಟೆಗೆ ಏನು ಬೇಕು ಅಂತ ಹೇಳುವುದು ಕಷ್ಟ. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನು. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತೆ ಅನ್ನುತ್ತಾರೆ, ಆದರೆ ರಾತ್ರಿ ಹೊತ್ತು ಇನ್ನೂ ಬಾಗಿಲ ಸಂದಿಯಲ್ಲಿ ನಿಂತಿರುತ್ತದೆ. ಮಧ್ಯಾಹ್ನಕ್ಕೆ ಮಜ್ಜಿಗೆ ಹುಳಿ, ರಾತ್ರಿಗೆ ಬಿಸಿ ಮುದ್ದೆ. ಹುರುಳಿಕಾಳಿನ ಬಸ್ಸಾರು, ಮೆಂತ್ಯ ಸೊಪ್ಪಿನ ಬಾತು, ಬೂದುಗುಂಬಳದ ಮಜ್ಜಿಗೆ ಹುಳಿ ಎಲ್ಲ ಸಲೀಸಾಗಿ ಮುಗಿದವು. ಸಿಕ್ಕಿಹಾಕಿಕೊಂಡಿದ್ದು ಹಿತಕಿದ ಬೇಳೆ ಸಾರಿನಲ್ಲಿ. ಅದೂ ನಾನು ಹುಟ್ಟಿದಾಗಿನಿಂದ ತಿನ್ನುತ್ತಿರುವ ಸಾರು!

ಸುಲಿಯುವುದು, ನೆನೆಸುವುದು, ಹಿತಕುವುದು ನಿಮಗೆಲ್ಲ ಗೊತ್ತಿರುವುದೇ. ಮಸಾಲೆ ಅವರವರ ಮನೆಯದು. ನನ್ನ ತೊಂದರೆ ಬೇಳೆಯದು. ಅರ್ಧ ಗಂಟೆ ಕುದಿಸಿದರೂ ಹೊರ ಅಂಚು ಸವೆದು ಸಾರಿಗೆ ಹಿಟ್ಟು ಬಿಡುತ್ತಿತ್ತು, ಒಳಗೆ ಮಾತ್ರ ಹಲ್ಲಿಗೆ ಸಿಕ್ಕರೆ ಕಟ್ ಅನ್ನುತ್ತಿತ್ತು. ಮುದ್ದೆ ನುಂಗುವ ಊಟ. ಬೇಳೆ ಅದರ ಜೊತೆ ಜಾರಬೇಕು. ಅಗಿಯಲು ನಿಲ್ಲಬೇಕಾಯಿತು ಅಂದರೆ ಆ ಸಾರು ಸಾರಲ್ಲ.

ಮೊದಲ ಸಲ ಕಾಯಿ ಮೇಲೆ ಗುಮಾನಿ ಬಂತು. ಫೆಬ್ರವರಿ ಅರ್ಧ ಕಳೆದ ಮೇಲೆ ಅವರೆಕಾಯಿ ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ರಾಶಿಯ ಮೇಲೆ ಎಳೆಕಾಯಿ, ಕೆಳಗೆ ಬಲಿತು ಹಳದಿಯಾದದ್ದು. ತೂಕಕ್ಕೆ ಅಂತ ನೀರು ಚಿಮುಕಿಸಿರುತ್ತಾರೆ. ಹಿತಕಿದ ಬೇಳೆಯನ್ನೇ ಕವರಿನಲ್ಲಿ ಕೊಡುವ ಗಾಡಿಯೊಂದಿದೆ, ಅಲ್ಲಿ ಅರ್ಧ ಕೆಜಿ ಅಂತ ತಂದದ್ದನ್ನು ಬಸಿದು ತೂಗಿದರೆ 380 ಗ್ರಾಂ. ಸೊಗಡಿದೆಯಾ ಅಂತ ಕೇಳಿದರೆ ಎಲ್ಲರದ್ದೂ ‘ಇದೆ’ಯೇ. ಕಾಯಿಯ ಸಿಪ್ಪೆ ಮೇಲೆ ಎಣ್ಣೆಯಂಥ ಅಂಟು ಇರಬೇಕು, ಕೈಗೆ ಹತ್ತಿದರೆ ಸೋಪಿಗೂ ಬೇಗ ಬಿಡಬಾರದು, ಸೊಗಡು ಅಂದರೆ ಅದು. ಹಳೇ ನಾಟಿ ತಳಿಗಳು ಹಗಲು ಮೊಟಕಾದಾಗ ಮಾತ್ರ ಹೂ ಬಿಡುತ್ತವೆ, ಅವರೆ ಚಳಿಗಾಲದ ಬೆಳೆಯಾದದ್ದೇ ಹಾಗೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4ರಂಥ ತಳಿಗಳಿಗೆ ಹಗಲಿನ ಹಂಗಿಲ್ಲ, ಬೇರೆ ಕಾಲದಲ್ಲೂ ಬೆಳೆಯಬಹುದು. ಬೆಳೆಯುವವರಿಗೆ ಅದು ದೊಡ್ಡ ಅನುಕೂಲ. ನನ್ನ ಮೂಗಿಗೆ ಮಾತ್ರ ಇಬ್ಬನಿ ಕಾಲದ ಮಾಗಡಿ ಕಡೆಯ ಕಾಯಿಯೇ ಬೇಕು.

ಎರಡನೇ ಸಲ ಕುಕ್ಕರ್. ಎರಡು ಕೂಗಿಗೆ ಹೊರಗೆಲ್ಲ ಗಂಜಿ, ನಡುವೆ ಅದೇ ಗಟ್ಟಿ. ಮೂರನೇ ಸಲ ಚಿಟಿಕೆ ಅಡುಗೆ ಸೋಡಾ. ಬೇಳೆ ಮೆತ್ತಗಾಯಿತು, ಆದರೆ ಸೊಗಡು ಸತ್ತು ನಾಲಿಗೆ ಮೇಲೆ ಸೋಪಿನ ವಾಸನೆ ಕೂತಿತು. ಸೋಡಾ ಕಾಳಿನ ಬಿ1 ಜೀವಸತ್ವವನ್ನೂ ಹಾಳುಮಾಡುತ್ತದೆ. ಆ ಪಾತ್ರೆ ಸಾರನ್ನು ಮನೆಯಲ್ಲಿ ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ, ನನಗೆ ತುಂಬ ಬೇಜಾರಾಯಿತು. ನಾಲ್ಕನೇ ಸಲ ಬೆಳಿಗ್ಗೆ ಐದೂವರೆಗೇ ಮಾರ್ಕೆಟ್ಟಿಗೆ ಹೋಗಿ ಒಂದೊಂದೇ ಕಾಯಿ ಆರಿಸಿ ತಂದೆ. ಎಲ್ಲ ಎಳಸು, ಉಗುರು ಒತ್ತಿದರೆ ಇಳಿಯುವಂಥದ್ದು. ಅದೂ ಬೇಯಲಿಲ್ಲ!

ಅವತ್ತು ರಾತ್ರಿ ಅಜ್ಜಿಗೆ ಫೋನ್ ಮಾಡಿದೆ. ಕಾಯಿ, ಕುಕ್ಕರ್, ಸೋಡಾ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

“ಅಲ್ಲ ಮಗಾ, ಯಾವ್ ನೀರು ಹಾಕ್ದೆ? ಸವುಳು ನೀರಲ್ಲಿ ಬೇಳೆ ಬೆಂದಾವಾ? ಮನೆ ಮುಂದೆ ಬೋರಿದ್ರೂ ಸಾರಿಗೆ ಅಂತ ಕೆರೆ ಪಕ್ಕದ ಬಾವಿಂದ ಒಂದು ಬಿಂದಿಗೆ ಹೊತ್ಕೊಂಡ್ ಬರ್ತಿರ್ಲಿಲ್ವಾ ನಾವು?”

ಫೋನ್ ಇಟ್ಟು ಕೆಟಲ್ಲಿನ ಒಳಗೆ ನೋಡಿದೆ. ಬಿಳೀ ಪದರ. ಜನವರಿಯಲ್ಲಿ ನಮ್ಮ ಸಂಪಿನಲ್ಲಿ ಬಹುತೇಕ ಕಾವೇರಿ ನೀರಿತ್ತು, ಆಗ ಮಾಡಿದ ಸಾರು ಚೆನ್ನಾಗಿಯೇ ಬಂದಿತ್ತು. ಫೆಬ್ರವರಿಯಿಂದ ಕಾವೇರಿ ಕಡಿಮೆಯಾಗಿ ಬೋರ್ ನೀರು ಸೇರುತ್ತಿದೆ. ಕಾಯಿ ಬಲಿಯುವುದೂ ನೀರು ಬದಲಾಗುವುದೂ ಒಂದೇ ಹೊತ್ತಿಗೆ ಆಗಿದ್ದರಿಂದ ಮೂರು ವಾರ ಕಾಯಿಯನ್ನೇ ಬೈಯುತ್ತಾ ಕೂತಿದ್ದೆ.

ಪಕ್ಕದ ಮನೆ ಹುಡುಗ ಮೀನು ಸಾಕುತ್ತಾನೆ. ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಅಂತ ಅಳೆಯುವ ಹನಿಗಳ ಕಿಟ್ ಅವನ ಹತ್ತಿರ ಇತ್ತು. ಅಡುಗೆಮನೆ ನಲ್ಲಿಯ ನೀರು ಲೀಟರಿಗೆ 460 ಮಿ.ಗ್ರಾಂ. ಕುಡಿಯಲು ಹಿಡಿದಿಟ್ಟಿದ್ದ ಕಾವೇರಿ ನೀರು 95. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 200ರವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಮ್ಮ ಬೋರ್ ನೀರು ಮನುಷ್ಯರಿಗೆ ನಡೆಯುತ್ತದೆ, ಬೇಳೆಗೆ ನಡೆಯುವುದಿಲ್ಲ.

ಮೂರು ಪಾತ್ರೆ ಇಟ್ಟೆ. ಒಂದೊಂದರಲ್ಲಿ 60 ಬೇಳೆ, ಕುದಿ ಬಂದ ಮೇಲೆ 25 ನಿಮಿಷ, ಉಪ್ಪು ಅರಿಶಿನ ಯಾವುದೂ ಇಲ್ಲ. ನಲ್ಲಿ ನೀರಿನಲ್ಲಿ ಬೆರಳಿಗೆ ನುಣ್ಣಗಾದದ್ದು 11. ಅದೇ ನೀರನ್ನು ಹಿಂದಿನ ರಾತ್ರಿ ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳೀ ಪುಡಿ ಬಿಟ್ಟು ಮೇಲಿನ ತಿಳಿ ಬಗ್ಗಿಸಿಕೊಂಡದ್ದರಲ್ಲಿ 34. ಕಾವೇರಿಯಲ್ಲಿ 57! ಮೂರನೇ ತಟ್ಟೆ ಎಣಿಸುವಾಗ ನನ್ನ ಕೈ ನಡುಗುತ್ತಿತ್ತು.

ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಬೇಯುವುದು ಅಂದರೆ ಆ ಅಂಟು ಕರಗಿ ಕಣಗಳು ಬಿಡಿಸಿಕೊಳ್ಳುವುದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೋಗಿ ಪೆಕ್ಟಿನ್ನಿನ ಎಳೆಗಳಿಗೆ ಗಂಟು ಹಾಕುತ್ತವೆ, ಆಮೇಲೆ ಎಷ್ಟು ಉರಿ ಕೊಟ್ಟರೂ ಅಂಟು ಸುಲಭಕ್ಕೆ ಬಿಡುವುದಿಲ್ಲ. ಕುದಿಸಿದಾಗ ಕ್ಯಾಲ್ಸಿಯಂನಲ್ಲಿ ಒಂದು ಪಾಲು ತಳಕ್ಕೆ ಇಳಿಯುತ್ತದೆ, ಎರಡನೇ ಪಾತ್ರೆ ಅರ್ಧ ಗೆದ್ದದ್ದು ಅದಕ್ಕೆ. ಹುಳಿಯೂ ಪೆಕ್ಟಿನ್ ಕರಗಲು ಬಿಡುವುದಿಲ್ಲ. ನಾಲ್ಕೂ ಸಲ ಟೊಮೆಟೊವನ್ನು ಒಗ್ಗರಣೆಯಲ್ಲೇ ಬಾಡಿಸಿ ಅದರ ಮೇಲೆ ಬೇಳೆ ಸುರಿದಿದ್ದೆ. ನೀರೊಂದು ಕಡೆಯಿಂದ, ಟೊಮೆಟೊ ಇನ್ನೊಂದು ಕಡೆಯಿಂದ ಹಿಡಿದುಕೊಂಡರೆ ಬೇಳೆಯಾದರೂ ಏನು ಮಾಡೀತು, ಪಾಪ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಮುಂದಿನ ಯೋಜನೆ ಯುಗಾದಿಯ ಒಬ್ಬಟ್ಟಿನ ಸಾರು. ಹೋದ ವರ್ಷ ಕಟ್ಟು ತೆಳ್ಳಗೆ ಬಣ್ಣಗೆಟ್ಟು ಬಂದಿತ್ತು, ತೊಗರಿಬೇಳೆ ಹಳೆಯದು ಅಂತ ಅಂಗಡಿಯವರ ಮೇಲೆ ರೇಗಿದ್ದೆ. ಈಗ ಅದರ ಮೇಲೂ ಅನುಮಾನ ಬಂದಿದೆ. ತೊಗರಿಬೇಳೆ, ಕಡಲೆಬೇಳೆ ಎರಡನ್ನೂ ಎರಡು ನೀರಿನಲ್ಲಿ ಬೇಯಿಸಿ ನಾಲ್ಕು ಕಟ್ಟು ಪಕ್ಕಪಕ್ಕ ಇಟ್ಟು ನೋಡಬೇಕು. ಹೂರಣಕ್ಕೆ ಯಾವುದು, ಸಾರಿಗೆ ಯಾವುದು ಅನ್ನುವ ನಮ್ಮನೆಯ ಹಳೇ ಜಗಳವೂ ಅಲ್ಲೇ ಇತ್ಯರ್ಥವಾಗಲಿ.

ಐದನೇ ಸಲ ಹೀಗೆ ಮಾಡಿದೆ. ಕಾಳು ನೆನೆಸಿದ್ದು ಕಾವೇರಿ ನೀರಿನಲ್ಲಿ, ಲೀಟರಿಗೆ 10 ಗ್ರಾಂ ಉಪ್ಪು ಹಾಕಿ. ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ, ಸಿಪ್ಪೆ ಎಷ್ಟು ಸಡಿಲವಾಯಿತೆಂದರೆ ಹಿತಕಿದ ಬೇಳೆ ಎದುರು ಗೋಡೆಗೆ ಹಾರುತ್ತಿತ್ತು. ಮತ್ತೆ ಕಾವೇರಿ ನೀರಿನಲ್ಲೇ ಅರಿಶಿನ, ಶುಂಠಿ ಹಾಕಿ ಕುಕ್ಕರ್ ಇಲ್ಲದೆ ಮುಚ್ಚಿ 22 ನಿಮಿಷ ಬೇಯಿಸಿದೆ. ಬೇಳೆ ಬೆಂದದ್ದನ್ನು ಬೆರಳಲ್ಲಿ ನೋಡಿದ ಮೇಲೆ ಮಸಾಲೆ, ಅದು ಹಸಿ ವಾಸನೆ ಬಿಟ್ಟ ಮೇಲೆ ಟೊಮೆಟೊ, ಕೊನೆಯ ಕುದಿಯಲ್ಲಿ ಚೂರು ಹುಣಸೆ ರಸ. ಆರ್‌ಓ ನೀರಲ್ಲಿ ಅಡುಗೆ ಮಾಡುವವರಿಗೆ ಈ ಕಷ್ಟ ಗೊತ್ತೇ ಆಗಿರಲಿಕ್ಕಿಲ್ಲ. ನಮ್ಮಲ್ಲಿ ಕುಡಿಯಲು ಕಾವೇರಿಯನ್ನೇ ಕಾಯಿಸಿ ಸೋಸುತ್ತೇವೆ.

ಮೊದಲ ತುತ್ತಿಗೆ ಅಮ್ಮ ಏನೂ ಹೇಳಲಿಲ್ಲ. ಎರಡನೇ ಮುದ್ದೆಗೆ ತಟ್ಟೆ ಮುಂದೆ ಮಾಡಿದಳು.

ಕಾವೇರಿ ಅಂದರೆ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದಿಂದ ಸುಮಾರು 100 ಕಿ.ಮೀ., ಮೂರು ಕಡೆ ಪಂಪಾಗಿ ಗುಡ್ಡ ಹತ್ತಿ ಬರುವ ನೀರು. ನಾನು ಅದರಲ್ಲಿ ಬಟ್ಟೆ ಒಗೆದು, ಬೋರ್ ನೀರಿನಲ್ಲಿ ಸಾರು ಮಾಡುತ್ತಿದ್ದೆ. ಈಗ 20 ಲೀಟರಿನ ಸ್ಟೀಲ್ ಡ್ರಮ್ಮಿಗೆ ‘ಬೇಳೆಗೆ ಮಾತ್ರ’ ಅಂತ ಚೀಟಿ ಅಂಟಿಸಿದ್ದೇನೆ. ಗುರುವಾರ ಬೆಳಿಗ್ಗೆ ನೀರು ಬಿಡುತ್ತಾರೆ, ತುಂಬಿಸಬೇಕು. ಭಾನುವಾರ ಅಜ್ಜಿ ಬರುತ್ತಿದ್ದಾಳೆ. ಸೊಗಡಿನ ಕಾಯಿ ಇನ್ನು ಒಂದೇ ವಾರ ಸಿಕ್ಕೀತು, ಎರಡು ಕೆಜಿಗೆ ಇವತ್ತೇ ಹೇಳಿಟ್ಟು ಬಂದಿದ್ದೇನೆ.