ತುಂಬಿದ್ದೆಷ್ಟು, ಹಿಡಿದದ್ದೆಷ್ಟು

ಅಡ್ಡಲಾಗಿ ಕೊಯ್ದು, ನುಣುಪಾಗಿ ತಿಕ್ಕಿ, ಬೆಸುಗೆ ಎದ್ದು ಕಾಣಲೆಂದು ನೈಟಾಲ್ ಎಂಬ ಆಮ್ಲದ್ರಾವಣ ಹಚ್ಚಿದ ಉಕ್ಕಿನ ತುಂಡನ್ನು ಬೆಳಕಿಗೆ ಹಿಡಿದಾಗ ವಿನ್ಯಾಸ ವಿಭಾಗದ ಯುವ ಎಂಜಿನಿಯರ್, "ಸಂದು ಪೂರ್ತಿ ತುಂಬಿದೆಯಲ್ಲ, ಇನ್ನೇನು ಬೇಕು?" ಎಂದು ಕೇಳಿದರು. ಹಿರಿಯ ವೆಲ್ಡರ್ ತಲೆಯೆತ್ತದೆಯೇ, "ತುಂಬಿದೆ ಸರಿ, ಎಲ್ಲಿಯವರೆಗೆ ಹಿಡಿದಿದೆ ಅದನ್ನು ಹೇಳಿ" ಎಂದರು. ಈ ವಾರವಿಡೀ ತಪಾಸಣೆಯ ಕೆಲಸದ ನಡುವೆ ನನ್ನ ಮನಸ್ಸಿನಲ್ಲಿ ಓಡಾಡಿದ್ದು ಈ ಎರಡು ಮಾತುಗಳೇ.

ಜೋಡಣೆ ನೋಡಲು ಸರಳವಾದದ್ದು. 16 ಮಿಲಿಮೀಟರ್ ದಪ್ಪದ ಸಪಾಟು ಪ್ಲೇಟಿನ ಮೇಲೆ 40 ಮಿಲಿಮೀಟರ್ ವ್ಯಾಸದ ದುಂಡು ಸರಳನ್ನು ಉದ್ದಕ್ಕೆ ಮಲಗಿಸಿ, ಎರಡೂ ಬದಿಗಳಲ್ಲಿ ಕೈ ಎಲೆಕ್ಟ್ರೋಡಿನಿಂದ ಬೆಸೆದಿದ್ದರು. ದುಂಡು ಮೈ ಮತ್ತು ಸಪಾಟು ಮೈಗಳ ನಡುವೆ ತಾನಾಗಿಯೇ ಉಂಟಾಗುವ ಈ ಸಂದಿಗೆ ಹಾಕುವ ಬೆಸುಗೆಯನ್ನು ಫ್ಲೇರ್ ಬೆವೆಲ್ ಗ್ರೂವ್ ವೆಲ್ಡ್ ಎನ್ನುತ್ತಾರೆ. ಹೊರಗಿನ ಮೈ ಸರಳಿನ ಅಂಚಿಗೆ ಸಮವಾಗಿ, ಒಂದೇ ಹದದ ಅಲೆಗಳೊಂದಿಗೆ ಮುಗಿದಿತ್ತು. ಕಣ್ಣಳತೆಯ ತಪಾಸಣೆಯಲ್ಲಿ ಅದನ್ನು ಯಾರೂ ತಿರಸ್ಕರಿಸುವಂತಿರಲಿಲ್ಲ. ಆದರೆ ಕೊಯ್ದ ಮುಖದಲ್ಲಿ ಲೋಹ ಕರಗಿ ಬೆರೆತದ್ದು ಹೊರಮೈಯಿಂದ ಸುಮಾರು 8 ಮಿಲಿಮೀಟರ್‌ವರೆಗೆ ಮಾತ್ರ. ಅದರಾಚೆ ಸರಳು ಪ್ಲೇಟನ್ನು ಮುಟ್ಟುವ ಬಿಂದುವಿನವರೆಗೂ ಸ್ಲ್ಯಾಗ್ (ಎಲೆಕ್ಟ್ರೋಡಿನ ಹೊದಿಕೆ ಕರಗಿ ಉಳಿಯುವ ಗಸಿ) ಸಿಕ್ಕಿಕೊಂಡ ಕಪ್ಪು ಬೆಣೆಯೊಂದು ಉಳಿದಿತ್ತು. ಲೆಕ್ಕದ ಹಾಳೆಯಲ್ಲಿ ಮಾತ್ರ ಬೆಸುಗೆಯ ಥ್ರೋಟ್ (ಭಾರ ಹೊರುತ್ತದೆಂದು ಎಣಿಸುವ ಆಳ) 20 ಮಿಲಿಮೀಟರ್, ಅಂದರೆ ಸರಳಿನ ಪೂರ್ತಿ ತ್ರಿಜ್ಯ.

ಆ ಎಂಜಿನಿಯರ್ ಅಜಾಗರೂಕರಲ್ಲ. ಸಂದಿನ ಆಳ ತ್ರಿಜ್ಯದಷ್ಟೇ ಇರುವುದರಿಂದ ತುಂಬಿದ ಮೇಲೆ ಬೆಸುಗೆಯೂ ಅಷ್ಟೇ ಆಳವಿರಬೇಕೆಂದು ನಂಬಿದ್ದರು. ಕಾಗದದ ಮೇಲೆ ಈ ತರ್ಕಕ್ಕೆ ಕುಂದಿಲ್ಲ. ಲೋಹವನ್ನು ಕರಗಿಸುವ ವಿದ್ಯುತ್ ಕಿಡಿಯಾದ ಆರ್ಕ್‌ಗೆ ಅದು ಗೊತ್ತಿಲ್ಲ ಅಷ್ಟೇ. ಸಾಮಾನ್ಯ ಬೆವೆಲ್ ಗ್ರೂವ್‌ನಲ್ಲಿ ಕೋನವನ್ನು ನಾವು ನಿರ್ಧರಿಸಿ ಕಡಿಯುತ್ತೇವೆ, ತಳದಲ್ಲಿ ಬೇಕಾದಷ್ಟು ಅಂತರವನ್ನೂ ಬಿಡುತ್ತೇವೆ. ಇಲ್ಲಿ ಎರಡು ಮೈಗಳ ನಡುವಿನ ಕೋನ ಒಳಗೆ ಹೋದಂತೆ ಕಿರಿದಾಗುತ್ತಾ ಸ್ಪರ್ಶಬಿಂದುವಿನಲ್ಲಿ ಸೊನ್ನೆಯಾಗುತ್ತದೆ. 20 ಮಿಲಿಮೀಟರ್ ತ್ರಿಜ್ಯದ ಸರಳಿಗೆ ಸ್ಪರ್ಶಬಿಂದುವಿನಿಂದ 10 ಮಿಲಿಮೀಟರ್ ದೂರದಲ್ಲಿ ಸಂದಿನ ಅಗಲ ಸುಮಾರು 2.7 ಮಿಲಿಮೀಟರ್, 5 ಮಿಲಿಮೀಟರ್ ದೂರದಲ್ಲಿ ಅದು 0.6ಕ್ಕೆ ಇಳಿಯುತ್ತದೆ. ಆರ್ಕ್ ತಳ ತಲುಪುವ ಮೊದಲೇ ಹತ್ತಿರದ ಗೋಡೆಗಳಿಗೆ ಹಾರುತ್ತದೆ, ಕರಗಿದ ಲೋಹ ಎರಡೂ ಕಡೆ ಹಿಡಿದು ಸೇತುವೆ ಕಟ್ಟುತ್ತದೆ, ಸ್ಲ್ಯಾಗ್ ಅದರ ಕೆಳಗೆ ಬಂದಿಯಾಗುತ್ತದೆ.

ಅಂದು ರಾತ್ರಿ ಕುತೂಹಲಕ್ಕೆ ಒಂದು ಲೆಕ್ಕ ಮಾಡಿದೆ. 3.15 ಮಿಲಿಮೀಟರ್ ಎಲೆಕ್ಟ್ರೋಡಿನ ದಪ್ಪವನ್ನು ಹೊದಿಕೆಯೂ ಸೇರಿ 5 ಎಂದು ಹಿಡಿದರೆ, ಈ ಸಂದಿನೊಳಗೆ ಅದು ಹೊರಮೈಯಿಂದ ಸುಮಾರು 6.8 ಮಿಲಿಮೀಟರ್ ಆಳಕ್ಕಷ್ಟೇ ತೂರಬಲ್ಲದು. ಮಿಗ್ ವಿಧಾನದಲ್ಲಿ, ಅಂದರೆ ಅನಿಲದ ರಕ್ಷಣೆಯಲ್ಲಿ ತಂತಿಯನ್ನು ಸತತವಾಗಿ ಉಣಿಸಿ ಬೆಸೆಯುವಾಗ, 1.2 ಮಿಲಿಮೀಟರ್‌ನ ತಂತಿ ಸುಮಾರು 13.2ರವರೆಗೆ ಹೋಗುತ್ತದೆ. ಇನ್ನು ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಡಿ1.1 ಸಂಹಿತೆ ಸಮತಟ್ಟಾಗಿ ತುಂಬಿದ ಇಂಥ ಬೆಸುಗೆಗೆ ಒಪ್ಪುವ ಥ್ರೋಟ್ ಕೈ ಎಲೆಕ್ಟ್ರೋಡಿಗೆ ತ್ರಿಜ್ಯದ 5/16 ಭಾಗ. ತಂತಿಯ ತುದಿ ಕರಗಿದ ಲೋಹವನ್ನು ಮುಟ್ಟುತ್ತಾ ಹೋಗುವ, ಕಡಿಮೆ ಕಾವಿನ ಶಾರ್ಟ್ ಸರ್ಕ್ಯೂಟ್ ವಿಧಾನವನ್ನು ಬಿಟ್ಟು ಉಳಿದ ಮಿಗ್ ಬೆಸುಗೆಗೆ 5/8 ಭಾಗ. ನಮ್ಮ ಸರಳಿಗೆ ಇವು ಕ್ರಮವಾಗಿ 6.25 ಮತ್ತು 12.5 ಮಿಲಿಮೀಟರ್. ಸಂಹಿತೆಯ ಅಂಕಿಗಳು ನನ್ನ ರೇಖಾಗಣಿತದಿಂದ ಹುಟ್ಟಿದವಲ್ಲ. ಆದರೂ ಎರಡೂ ಇಷ್ಟು ಹತ್ತಿರ ಬಂದು ನಿಂತದ್ದನ್ನು ನೋಡಿ, ವೆಲ್ಡರ್ ಕೇಳಿದ ಪ್ರಶ್ನೆಯ ತೂಕ ನನಗೆ ಹೊಸದಾಗಿ ತಿಳಿಯಿತು. ಎಲ್ಲಿಯವರೆಗೆ ಹಿಡಿದಿದೆ? ಸಂಹಿತೆ ಒಪ್ಪುವುದು ಲೆಕ್ಕಕ್ಕೆ ತೆಗೆದುಕೊಂಡ ಬಲದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಮೇಲ್ವಿಚಾರಕರು ಎಂದಿನ ಸಮಾಧಾನದಲ್ಲಿ, "ಸುರಕ್ಷತಾ ಗುಣಾಂಕ ಇದ್ದೇ ಇದೆಯಲ್ಲ" ಎಂದರು. ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಗುಣಾಂಕವಿರುವುದು ಅಳೆಯಲಾಗದ ಅನಿಶ್ಚಿತತೆಗಳಿಗಾಗಿ. ಕೊಯ್ದು, ಸ್ಕೇಲ್ ಹಿಡಿದು ನೋಡಬಹುದಾದ ಕೊರತೆಯನ್ನು ಅದರ ಲೆಕ್ಕಕ್ಕೆ ಬರೆಯುವುದು ಸೋಮಾರಿತನ. ವೆಲ್ಡರ್ ವಿಷಯದಲ್ಲೂ ನನಗೊಂದು ತಕರಾರಿದೆ. ಇಷ್ಟು ತಿಳಿದವರು ಬೆಸುಗೆ ಹಾಕುವ ಮೊದಲೇ ಬಾಯಿಬಿಡಬಹುದಿತ್ತು. ಕೇಳಿದರೆ, "ನಕ್ಷೆಯಲ್ಲಿ ಏನಿತ್ತೋ ಅದನ್ನು ಮಾಡಿದ್ದೇನೆ" ಎಂದರು. ಆ ಉತ್ತರದಲ್ಲಿ ವಿನಯಕ್ಕಿಂತ ಬಿಗುಮಾನವೇ ಹೆಚ್ಚಿತ್ತು.

ಆದರೆ ನಕ್ಷೆಯನ್ನು ಮತ್ತೆ ತೆರೆದಾಗ ಅವರ ಮಾತನ್ನು ತಳ್ಳಿಹಾಕಲಾಗಲಿಲ್ಲ. ಬಾಣದ ಗೆರೆಯ ಕೆಳಗೆ ಒಂದು ನೇರ ಗೀಟು, ಅದರ ಬಲಕ್ಕೆ ಹೊರಬಾಗಿದ ಒಂದು ಕಮಾನು: ಚಿಹ್ನೆ ಸರಿಯಾಗಿಯೇ ಇತ್ತು. ಆವರಣದೊಳಗೆ ಬರೆಯಬೇಕಾದ ಥ್ರೋಟಿನ ಅಳತೆ ಮಾತ್ರ ಇರಲಿಲ್ಲ. ಕಡಿದು ಮಾಡುವ ಗ್ರೂವ್‌ಗೆ ಕೋನ, ಆಳ, ತಳದ ಅಂತರ ಎಲ್ಲವನ್ನೂ ಯಾರಾದರೂ ಬರೆಯಲೇಬೇಕು, ಇನ್ನೊಬ್ಬರು ಗ್ರೈಂಡರ್ ಹಿಡಿದು ಅದನ್ನು ಮೂಡಿಸಬೇಕು, ಮೂರನೆಯವರು ಗೇಜ್ ಇಟ್ಟು ನೋಡಬೇಕು. ಅಷ್ಟು ಜನರ ಕಣ್ಣು ತಳದ ಮೇಲೆ ಬೀಳುತ್ತದೆ. ದುಂಡು ಸರಳಿನ ಪಕ್ಕದ ಗ್ರೂವ್ ಪುಕ್ಕಟೆಯಾಗಿ ಬರುತ್ತದೆ. ಯಾರೂ ಮಾಡದ ತಳಕ್ಕೆ ಯಾರೂ ಹೊಣೆಯಾಗುವುದಿಲ್ಲ, ಮತ್ತು ಆ ಹೊಣೆಯಿಲ್ಲದ ಜಾಗದ ಮೇಲೆಯೇ ಭಾರವನ್ನು ಹೊರಿಸುವ ಲೆಕ್ಕ ಕುಳಿತಿರುತ್ತದೆ. ನನ್ನನ್ನು ಕಾಡಿದ್ದು ಕಪ್ಪು ಬೆಣೆಗಿಂತ ಹೆಚ್ಚಾಗಿ ಇದು.

ಕೊನೆಗೆ ಮಿಗ್ ವಿಧಾನಕ್ಕೆ ಹೋಗುವುದೆಂದು ತೀರ್ಮಾನವಾಯಿತು. 12.5ಕ್ಕಿಂತ ಹೆಚ್ಚಿನ ಥ್ರೋಟ್ ಬೇಕೆಂದರೆ ಅದಕ್ಕೂ ದಾರಿಯಿದೆ: ಅದೇ ವಿಧಾನದಲ್ಲಿ ಮಾದರಿ ಬೆಸೆದು, ನಡುವೆಯೂ ತುದಿಗಳಲ್ಲೂ ಕೊಯ್ದು, ಅಷ್ಟು ಆಳ ನಿಯತವಾಗಿ ಸಿಗುತ್ತದೆಂದು ತೋರಿಸಬೇಕು. ಎಂಜಿನಿಯರ್ ಅದನ್ನು ಬೇಡವೆಂದು, ಬೆಸುಗೆಯ ಉದ್ದವನ್ನೇ ಹೆಚ್ಚಿಸಿದರು, ವಿವೇಕದ ಆಯ್ಕೆ. ಬೆಸುಗೆ ಅಂಚಿನ ಮಟ್ಟಕ್ಕಿಂತ ತಗ್ಗಿದ್ದರೆ ಆ ತಗ್ಗನ್ನು ಥ್ರೋಟಿನಿಂದ ಕಳೆಯಬೇಕೆಂಬ ಟಿಪ್ಪಣಿಯನ್ನೂ ತಾವಾಗಿ ಸೇರಿಸಿದರು.

ಮುಂದಿನ ಸರದಿ 6 ಮಿಲಿಮೀಟರ್ ದಪ್ಪದ ಚೌಕ ಕೊಳವೆಗಳದ್ದು. ಅವುಗಳ ದುಂಡು ಮೂಲೆಯ ಪಕ್ಕದಲ್ಲೂ ಇದೇ ಗ್ರೂವ್ ಹುಟ್ಟುತ್ತದೆ. ಮೂಲೆಯ ತ್ರಿಜ್ಯವನ್ನು ದಪ್ಪದ ಎರಡರಷ್ಟೆಂದು ಹಿಡಿಯಲು ಅವಕಾಶವಿರುವುದರಿಂದ 12 ಮಿಲಿಮೀಟರ್ ಎಂದು ಬರೆದಿದ್ದಾರೆ. ಹಾಗೆ ಮಿಗ್ ಬೆಸುಗೆಗೆ 7.5 ದಕ್ಕುತ್ತದೆ. ಬಂದಿರುವ ಕೊಳವೆಗಳ ಮೂಲೆಗಳು ಅದಕ್ಕಿಂತ ಚೂಪಾಗಿ ಕಾಣುತ್ತಿವೆ. ತ್ರಿಜ್ಯದ ಗೇಜ್ ತರಿಸಲು ಹೇಳಿದ್ದೇನೆ. ಅಳತೆ ಆಗುವವರೆಗೆ ಆ ನಕ್ಷೆಗೆ ಸಹಿ ಹಾಕುವುದಿಲ್ಲವೆಂದು ಮೇಲ್ವಿಚಾರಕರಿಗೂ ತಿಳಿಸಿದ್ದೇನೆ.